ಬಿದರಿ ಕಲೆಯ ಎರಡು ಕಪ್ಪುಗಳು: ಬೆಳ್ಳಿ ಮತ್ತು ಗಂಧಕದ ಸಂಬಂಧ

ಬೀದರದ ಬಿದರಿ ಕಲೆಯ ಸೊಗಸು ಕಪ್ಪು ಹಿನ್ನೆಲೆ ಹಾಗೂ ಬೆಳ್ಳಿಯ ಬಿಳುಪಿನ ವೈದೃಶ್ಯದಲ್ಲಿದೆ. ಆದರೆ ಹಳೆಯ ಬಿದರಿ ವಸ್ತುಗಳಲ್ಲಿ ಎರಡು ಬಗೆಯ ಕಪ್ಪುಗಳು ಕಾಣಸಿಗುತ್ತವೆ. ಒಂದು ಕುಶಲಕರ್ಮಿ ತಂದದ್ದು, ಇನ್ನೊಂದು ಗಾಳಿ ತಂದದ್ದು. ಇವೆರಡರ ಅಂತರವನ್ನರಿಯದೆ ನಡೆಸುವ ಶುಚಿಕಾರ್ಯವು ವಸ್ತುವಿನ ಚಾರಿತ್ರಿಕ ಮೌಲ್ಯಕ್ಕೇ ಕುಂದು ತರುತ್ತದೆ.

ಮೌಖಿಕ ಪರಂಪರೆಯು ಈ ಕಲೆಯ ಮೂಲವನ್ನು ಬಹಮನಿ ಅರಸರ ಕಾಲಕ್ಕೆ ಒಯ್ಯುತ್ತದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯನ್ನು ಅರದಿಂದ ಉಜ್ಜಿ, ಮೈಲುತುತ್ತದ ದ್ರಾವಣ ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಅದರ ಮೇಲೆ ಚಿತ್ತಾರ ಕೆತ್ತಿ ಬೆಳ್ಳಿಯ ತಂತಿ ಅಥವಾ ತಗಡನ್ನು ಕೂರಿಸುತ್ತಾರೆ. ಕೊನೆಗೆ ಪಾತ್ರೆಯನ್ನು ಬಿಸಿಮಾಡಿ, ಕೋಟೆಯ ಮಣ್ಣು ಮತ್ತು ನವಸಾಗರದ ಮಿಶ್ರಣವನ್ನು ಹಚ್ಚಿದಾಗ ಮಿಶ್ರಲೋಹ ಮಾತ್ರ ಕಪ್ಪಾಗುತ್ತದೆ. ಬೆಳ್ಳಿ ಹೊಳೆಯುತ್ತಲೇ ಉಳಿಯುತ್ತದೆ. ಆ ಮಣ್ಣಿನ ಗುಣವನ್ನು ನಾಲಗೆಯ ರುಚಿಯಿಂದ ಅಳೆಯುವ ರೂಢಿಯು ಜನಪದ ತಂತ್ರಜ್ಞಾನದ ಸೂಕ್ಷ್ಮತೆಗೆ ಸಾಕ್ಷಿಯಾಗಿದೆ.

ಎರಡನೆಯ ಕಪ್ಪು ಬೆಳ್ಳಿಯ ಮೇಲೆಯೇ ಹುಟ್ಟುತ್ತದೆ. ಇದಕ್ಕೆ ಕಾರಣ ಗಂಧಕ. ಮೈಲುತುತ್ತದಲ್ಲಿಯೂ ಗಂಧಕವಿದೆ, ಆದರೆ ಅಲ್ಲಿ ಅದು ಆಮ್ಲಜನಕದೊಡನೆ ಬಿಗಿಯಾಗಿ ಬೆಸೆದುಕೊಂಡಿರುವುದರಿಂದ ಬೆಳ್ಳಿಯನ್ನು ಕಪ್ಪಾಗಿಸುವುದಿಲ್ಲ. ಕೊಳೆಯುವ ಜೈವಿಕ ವಸ್ತುಗಳಿಂದ ಹೊಮ್ಮುವ ಹೈಡ್ರೋಜನ್ ಸಲ್ಫೈಡ್ ಅನಿಲದ ಸ್ವಭಾವ ಬೇರೆ. ಗಾಳಿಯಲ್ಲಿರುವ ಮತ್ತೊಂದು ಅನಿಲವಾದ ಕಾರ್ಬೊನೈಲ್ ಸಲ್ಫೈಡ್ ಕೂಡ ಬೆಳ್ಳಿಯನ್ನು ಕಪ್ಪಾಗಿಸುವುದನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಸಂಶೋಧಕರು 1985ರಲ್ಲಿ ವಿವರಿಸಿದರು.

ಬೆಳ್ಳಿಯ ಹರಳಿನಲ್ಲಿ ಪರಮಾಣುಗಳು ಸಾಲಾಗಿ ಒತ್ತೊತ್ತಾಗಿ ಜೋಡಣೆಗೊಂಡಿರುತ್ತವೆ. ಗಂಧಕದ ಪರಮಾಣು ಈ ಮೇಲ್ಮೈಯ ತಗ್ಗುಗಳಲ್ಲಿ ನೆಲೆಗೊಂಡು ಸುತ್ತಲಿನ ಬೆಳ್ಳಿಯೊಡನೆ ಬಂಧ ಬೆಳೆಸುತ್ತದೆ. ಆ ಬಳಿಕ ಬೆಳ್ಳಿಯು ಪದರದ ಮೂಲಕ ಹೊರಕ್ಕೆ ಚಲಿಸಿ, ಎರಡು ಬೆಳ್ಳಿ ಪರಮಾಣುಗಳಿಗೆ ಒಂದು ಗಂಧಕದಂತೆ ಕೂಡಿ ಬೆಳ್ಳಿಯ ಸಲ್ಫೈಡ್ ಆಗುತ್ತದೆ. ಪದರ ದಪ್ಪವಾದಂತೆ ಬಣ್ಣವು ಹಳದಿಯಿಂದ ಕಂದಿಗೆ, ಮುಂದೆ ಕಪ್ಪಿಗೆ ತಿರುಗುತ್ತದೆ. ತೇವವು ಈ ಕ್ರಿಯೆಯನ್ನು ಚುರುಕುಗೊಳಿಸುತ್ತದೆ.

ಆದ್ದರಿಂದ ಬೆಳ್ಳಿಯ ಮೇಲಿನ ಕಪ್ಪು ಹೊರಗಿನಿಂದ ಅಂಟಿದ ಕೊಳೆಯಲ್ಲ, ರೂಪಾಂತರಗೊಂಡ ಬೆಳ್ಳಿಯೇ ಆಗಿದೆ. ಮನೆಗಳಲ್ಲಿ ವಿಭೂತಿಯಿಂದ ತಿಕ್ಕಿದಾಗಲೆಲ್ಲ ಒಂದಿಷ್ಟು ಬೆಳ್ಳಿಯೂ ಸವೆಯುತ್ತದೆ. ದಪ್ಪನೆಯ ತಟ್ಟೆಗೆ ಇದು ದೊಡ್ಡ ನಷ್ಟವಲ್ಲ. ಬಿದರಿಯ ಸಪೂರ ತಂತಿಗೆ ಮಾತ್ರ ಬಾಳಿನ ಪ್ರಶ್ನೆ. ಹುಣಸೆ, ನಿಂಬೆಗಳ ಹುಳಿ ಸತುವನ್ನು ಕರಗಿಸುತ್ತದೆ. ಅಲ್ಯೂಮಿನಿಯಂ ಹಾಳೆ ಮತ್ತು ಸೋಡಾ ದ್ರಾವಣದ ವಿಧಾನವು ಸಲ್ಫೈಡನ್ನು ಮರಳಿ ಬೆಳ್ಳಿಯಾಗಿಸುತ್ತದೆಯಾದರೂ, ಕ್ಷಾರವೂ ಸತುವಿಗೆ ಹಾನಿಕರವಾದ್ದರಿಂದ ಬಿದರಿಗೆ ಒಗ್ಗದು. ಗಾಳಿಯ ಕಪ್ಪನ್ನು ತೆಗೆಯಲು ಹೋಗಿ ಕುಶಲಕರ್ಮಿಯ ಕಪ್ಪನ್ನು ಕಳೆದುಕೊಳ್ಳುವ ಅಪಾಯ ಇಲ್ಲಿದೆ.

ಗಂಧಕವು ಬೆಳ್ಳಿಗೆ ಕೇವಲ ವೈರಿಯೂ ಅಲ್ಲ. ಥಯಾಲ್ ಎಂಬ ಗಂಧಕಯುಕ್ತ ಸಂಯುಕ್ತಗಳ ಅಣುಗಳು ಗಂಧಕದ ತುದಿಯಿಂದ ಬೆಳ್ಳಿಯನ್ನು ಹಿಡಿದು, ಉದ್ದನೆಯ ಸರಪಳಿಯನ್ನು ಹೊರಕ್ಕೆ ಚಾಚಿ, ಒಂದೇ ಅಣುವಿನಷ್ಟು ದಪ್ಪದ ಹೊದಿಕೆಯಾಗುತ್ತವೆ. ಚಿನ್ನದ ಮೇಲಿಗಿಂತ ಬೆಳ್ಳಿಯ ಮೇಲೆ ಈ ಸರಪಳಿಗಳು ಹೆಚ್ಚು ನೆಟ್ಟಗೆ ನಿಲ್ಲುತ್ತವೆಂಬುದು 1991ರಲ್ಲಿ ಪ್ರಕಟವಾದ ತೌಲನಿಕ ಅಧ್ಯಯನದಿಂದ ತಿಳಿದುಬಂದಿತು. ಇಂಥ ಹೊದಿಕೆಯಿಂದ ಬೆಳ್ಳಿ ಕಪ್ಪಾಗುವುದನ್ನು ನಿಧಾನಗೊಳಿಸುವ ಪ್ರಯೋಗಗಳೂ ನಡೆದಿವೆ.

ಒಟ್ಟಿನಲ್ಲಿ, ಬಿದರಿ ವಸ್ತುಗಳ ಸಂರಕ್ಷಣೆ ಉಜ್ಜುವುದರಿಂದಲ್ಲ, ಕಪ್ಪಾಗದಂತೆ ತಡೆಯುವುದರಿಂದ ಆರಂಭವಾಗಬೇಕು. ಗಂಧಕ ಸೂಸುವ ಉಣ್ಣೆ ಬಟ್ಟೆ, ರಬ್ಬರುಗಳಿಂದ ದೂರವಿರಿಸಿ, ತೇವವಿಲ್ಲದ ಮುಚ್ಚಿದ ಪೆಟ್ಟಿಗೆಗಳಲ್ಲಿ ಅವುಗಳನ್ನು ಇರಿಸುವುದು ಯುಕ್ತ. ಕೆತ್ತನೆಯ ಗುರುತು, ತಂತಿಯ ಅಂಚು, ಮಣ್ಣು ಕೊಟ್ಟ ಬಣ್ಣ ಇವು ಹೆಸರು ಬರೆದಿಡದ ಕುಶಲಕರ್ಮಿಗಳು ಬಿಟ್ಟುಹೋದ ದಾಖಲೆಗಳು. ಅವು ಒಮ್ಮೆ ಸವೆದರೆ ಮತ್ತೆ ದೊರೆಯಲಾರವು.