ಕಣ್ಣಿಗೆ ಕಾಣದ ಅಡಿಪಾಯ

ಕನ್ನಂಬಾಡಿ ಕಟ್ಟೆಯ ಎತ್ತರವನ್ನು ಎಲ್ಲರೂ ಕೊಂಡಾಡುತ್ತಾರೆ. ಈ ಹೊತ್ತು ನಾನು ಹೇಳಹೊರಟಿರುವುದು ಹೊಳೆಯ ತಳದಲ್ಲಿ ಹುದುಗಿರುವ ಅದರ ಅಡಿಪಾಯದ ವಿಚಾರವನ್ನು.

1911ರಲ್ಲಿ ಕೆಲಸ ಮೊದಲಾದಾಗ ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದವರು ಎಂ. ವಿಶ್ವೇಶ್ವರಯ್ಯನವರು. ಅವರ ಯೋಜನೆಯಂತೆ ಕಟ್ಟೆ 124 ಅಡಿ ಏಳಬೇಕಾಗಿತ್ತು. ತನ್ನ ಸೀಮೆಯ ಬೇಸಾಯಕ್ಕೆ ನೀರು ಕಡಿಮೆಯಾದೀತೆಂದು ಮದರಾಸು ಸರ್ಕಾರ ತಕರಾರು ತೆಗೆಯಿತು. ದೊರೆತದ್ದು 80 ಅಡಿಯ ಮೊದಲ ಹಂತಕ್ಕಷ್ಟೇ ಒಪ್ಪಿಗೆ.

ನಾನು ಕನ್ನಡ ಪಾಠ ಹೇಳಿದವನು. ಆದರೂ ಇಲ್ಲಿನ ಬಿಕ್ಕಟ್ಟು ನನಗೂ ತಿಳಿಯುತ್ತದೆ. ಇಂಥ ಕಲ್ಲಿನ ಕಟ್ಟೆ ನೀರಿಗೆ ಎದೆಗೊಟ್ಟು ನಿಲ್ಲುವುದು ತನ್ನ ಭಾರದಿಂದಲೇ. 80 ಅಡಿ ನೀರು ಕಟ್ಟೆಯನ್ನು ಮಗುಚಲು ಹವಣಿಸುವುದಕ್ಕಿಂತ 124 ಅಡಿ ನೀರು ಮೂರೂವರೆ ಪಟ್ಟಿಗೂ ಮಿಗಿಲಾಗಿ ಹವಣಿಸುತ್ತದೆ. ಆದುದರಿಂದ ಎತ್ತರದ ಕಟ್ಟೆಗೆ ತಳವೂ ಅಗಲವಾಗಿರಬೇಕು. ಈಗ ಕಿರಿದಾಗಿ ಕಟ್ಟಿ ಮುಂದೆ ಅಗಲಿಸೋಣವೆಂದರೆ, ನೀರು ತುಂಬಿದ ಕಟ್ಟೆಯ ಬುಡದಲ್ಲಿ ಹಳೆಯ ಕಟ್ಟಡಕ್ಕೆ ಹೊಸದನ್ನು ಬೆಸೆಯುವುದು ಸುಲಭವಲ್ಲ. ಮೊದಲೇ ಅಗಲವಾಗಿ ಹಾಕಿದರೆ, ಒಪ್ಪಿಗೆ ಬಾರದೆ ಹೋದಲ್ಲಿ ಆ ಹೆಚ್ಚಿನ ಹಣವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ವಿಶ್ವೇಶ್ವರಯ್ಯನವರು 124 ಅಡಿಗೆ ತಕ್ಕ ಅಡಿಪಾಯವನ್ನೇ ಹಾಕಿಸಿದರು. ಇದು ಹಟವೋ ವಿವೇಕವೋ ಎಂದು ಕೇಳಬಹುದು. ವಿವೇಕವೆಂದೇ ನನ್ನ ಎಣಿಕೆ. ಅಗಲವಾದ ಅಡಿಪಾಯ ಒಂದು ಹನಿ ನೀರನ್ನೂ ಹೆಚ್ಚಾಗಿ ತಡೆಯುವುದಿಲ್ಲ. ಮುಂದಿನವರ ತೀರ್ಮಾನಕ್ಕೆ ಎಡೆಯನ್ನಷ್ಟೇ ಉಳಿಸುತ್ತದೆ.

ಸಿಮೆಂಟಿನ ವಿಷಯದಲ್ಲಿಯೂ ಇಂಥದೇ ಲೆಕ್ಕಾಚಾರ. ಹೊರದೇಶದಿಂದ ಬರಬೇಕಾಗಿದ್ದ ಅದು ದುಬಾರಿ. ಸುಣ್ಣಕ್ಕೆ ಸುಟ್ಟ ಜೇಡಿಯ ಪುಡಿಯನ್ನು ಬೆರೆಸಿ ಅರೆದ ಸುರ್ಕಿ ಗಾರೆಯನ್ನು ಬಳಸಿದರು. ಅದು ಗಟ್ಟಿಯಾಗುವುದು ನಿಧಾನ. ಆದರೆ ನೀರಿನಲ್ಲಿಯೂ ಗಟ್ಟಿಯಾಗುತ್ತದೆ.

1914ರ ಮಧ್ಯಸ್ಥಿಕೆಯ ತೀರ್ಪು ಮೈಸೂರಿನ ಪರವಾಗಿ ಬಂದರೂ ಮದರಾಸು ಮೇಲ್ಮನವಿ ಹೂಡಿತು. ಪೂರ್ಣ ಎತ್ತರಕ್ಕೆ ದಾರಿಯಾದದ್ದು 1924ರ ಒಪ್ಪಂದದಿಂದ. ವಿಶ್ವೇಶ್ವರಯ್ಯನವರು ಅಷ್ಟರಲ್ಲಿ ದಿವಾನಗಿರಿಯನ್ನೂ ಮುಗಿಸಿ ಹೊರನಡೆದಿದ್ದರು. ಅವರು ಹಾಕಿಸಿದ ತಳದ ಮೇಲೆ ಉಳಿದವರು ಕಟ್ಟಿದರು; 1930ರ ದಶಕದ ಮೊದಲಿಗೆ ಕೆಲಸ ಕೊನೆಮುಟ್ಟಿತು.

ಇನ್ನೊಂದು ಮಾತನ್ನು ಹೇಳದಿದ್ದರೆ ಈ ಚರಿತ್ರೆ ಅರೆಯಾಗುತ್ತದೆ. ಕಟ್ಟೆ ಏರಿದಷ್ಟೂ ಹಿನ್ನೀರು ಹರಡಿತು. ಸಾವಿರಾರು ಕುಟುಂಬಗಳು ಮನೆಮಾರು ಬಿಟ್ಟೆದ್ದವು. ಕಟ್ಟೆಗೆ ಹೆಸರು ಕೊಟ್ಟ ಕನ್ನಂಬಾಡಿಯೇ ಮುಳುಗಿತು. ಮಂಡ್ಯದ ಗದ್ದೆಗಳ ಹಸುರನ್ನು ಕಂಡು ಹಿಗ್ಗುವಾಗ ಆ ಊರನ್ನೂ ನೆನೆಯಬೇಕು. ಅದೂ ಈ ಕಟ್ಟೆಯ ಅಡಿಪಾಯದಲ್ಲಿಯೇ ಸೇರಿದೆ.