ಮನೆಯ ರಂಪ, ಮ್ಯಾನ್‌ಹ್ಯಾಟನ್ ತೆರೆಗೆ

2000ನೇ ಇಸವಿಯಲ್ಲಿ ರೊಮೇನಿಯಾದಲ್ಲಿ ಒಂದೇ ಒಂದು ಕಥಾಚಿತ್ರವೂ ತಯಾರಾಗಲಿಲ್ಲ. ಆರೇ ವರ್ಷಕ್ಕೆ, 2006ರಲ್ಲಿ, ಅದೇ ದೇಶದವರು ನ್ಯೂಯಾರ್ಕಿನ ಟ್ರೈಬೆಕಾ ಸಿನಿಮಾಸ್‌ನಲ್ಲಿ ತಮ್ಮ ಚಿತ್ರಗಳದ್ದೇ ಒಂದು ಉತ್ಸವ ಶುರು ಮಾಡಿದರು. ನಡೆಸಿದ್ದು ಮ್ಯಾನ್‌ಹ್ಯಾಟನ್‌ನ 38ನೇ ಬೀದಿಯಲ್ಲಿರುವ ರೊಮೇನಿಯನ್ ಕಲ್ಚರಲ್ ಇನ್‌ಸ್ಟಿಟ್ಯೂಟ್. ದುಡ್ಡು ಅವರ ಸರ್ಕಾರದ್ದು. ಚಿತ್ರಗಳು ಮಾತ್ರ ಸರ್ಕಾರಕ್ಕೆ ಸಮಾಧಾನ ತರುವಂಥವಲ್ಲ. ಮುಂದಿನ ಜಗಳಕ್ಕೆಲ್ಲ ಮೂಲ ಅಲ್ಲೇ ಇತ್ತು.

ನಾನಾಗ ಕ್ವೀನ್ಸ್‌ನ ಸನ್ನಿಸೈಡಿನಲ್ಲಿದ್ದೆ, ಗ್ರಂಥಾಲಯವೊಂದರಲ್ಲಿ ಕೆಲಸ. ಸನ್ನಿಸೈಡಿನಲ್ಲಿ ರೊಮೇನಿಯನ್ನರು ಬಹಳ ಕಾಲದಿಂದ ಇದ್ದಾರೆ. ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲೂ ಒಬ್ಬರು ಹಿರಿಯಾಕೆ ಇದ್ದರು, ನಮ್ಮತ್ತೆಯ ವಾರಿಗೆಯವರು. ಸರ್ವಾಧಿಕಾರಿ ಚೌಶೆಸ್ಕು ಹೋದ ಮೇಲೆ ಮಗನ ಹಿಂದೆ ಬಂದವರು. 1989ರ ಕ್ರಾಂತಿಯ ಮಾತೆತ್ತಿದರೆ ಕೈ ಬೀಸಿ ತಳ್ಳಿಹಾಕುತ್ತಿದ್ದರು, ರೇಷನ್ ಕ್ಯೂ ವಿಷಯ ತೆಗೆದರೆ ಮಾತು ನಿಲ್ಲುತ್ತಿರಲಿಲ್ಲ. ರೊಮೇನಿಯಾದ ಸಿನಿಮಾ ಎಂಬುದೊಂದಿದೆ ಎಂದು ನನಗೆ ತಿಳಿದದ್ದೇ ಅವರಿಂದ.

ಹಾಗೆ ನೋಡಿದರೆ ಆ ಸಿನಿಮಾಕ್ಕೆ ನಮ್ಮದರಷ್ಟೇ ವಯಸ್ಸು. ಲುಮಿಯೇರ್ ಸಹೋದರರ ಚಿತ್ರಗಳು 1896ರ ಮೇ ತಿಂಗಳಲ್ಲಿ ಬುಖಾರೆಸ್ಟಿನ ಒಂದು ಫ್ರೆಂಚ್ ಪತ್ರಿಕೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಮುಂಬೈ ವಾಟ್ಸನ್ ಹೋಟೆಲಿಗೆ ಬಂದದ್ದು ಅದೇ ವರ್ಷದ ಜುಲೈಯಲ್ಲಿ. 1912ರಲ್ಲೇ ಅವರು ತಮ್ಮ ಸ್ವಾತಂತ್ರ್ಯಯುದ್ಧದ ಬಗ್ಗೆ ದೊಡ್ಡದೊಂದು ಮೂಕಿಚಿತ್ರ ತೆಗೆದಿದ್ದರು. 1948ರಲ್ಲಿ ಕಮ್ಯುನಿಸ್ಟರು ಚಿತ್ರರಂಗವನ್ನು ರಾಷ್ಟ್ರೀಕರಣ ಮಾಡಿದರು. ಅದರಿಂದ ಕೆಟ್ಟದ್ದೇ ಆಯಿತೆಂದು ಹೇಳಲಾಗದು. ಪೊಪೆಸ್ಕು ಗೋಪೋ ಅವರ ಪುಟ್ಟ ಅನಿಮೇಷನ್ ಚಿತ್ರಕ್ಕೆ 1957ರಲ್ಲಿ ಕಾನ್ ಉತ್ಸವದ ಬಹುಮಾನ ಬಂತು, 1965ರಲ್ಲಿ ಲಿವ್ಯು ಚುಲೇ ಅಲ್ಲೇ ಶ್ರೇಷ್ಠ ನಿರ್ದೇಶಕರೆನಿಸಿದರು. ಆದರೆ 1968ರಲ್ಲಿ ಲುಚಿಯಾನ್ ಪಿಂತಿಲಿಯೆ ‘ಪುನಾರಚನೆ’ ಎಂಬ ಚಿತ್ರ ತೆಗೆದಾಗ ಅಧಿಕಾರಿಗಳಿಗೆ ಕಸಿವಿಸಿಯಾಯಿತು. ಕುಡಿದು ಹೊಡೆದಾಡಿದ ಇಬ್ಬರು ಹುಡುಗರನ್ನು ಹಿಡಿದು, ‘ಬುದ್ಧಿ ಹೇಳುವ’ ಚಿತ್ರಕ್ಕಾಗಿ ಅದೇ ಹೊಡೆದಾಟವನ್ನು ಕ್ಯಾಮೆರಾ ಮುಂದೆ ಮತ್ತೆ ಮಾಡಿಸುವ ಕಥೆ. ಸ್ವಲ್ಪ ಕಾಲ ತೋರಿಸಿದಂತೆ ಮಾಡಿ ಡಬ್ಬಿಗೆ ಸೇರಿಸಿದರು.

ಎಂಬತ್ತರ ದಶಕದ ಕತ್ತಲೆಯನ್ನು ಕೇಳಿಯೇ ತಿಳಿಯಬೇಕು. ಟಿವಿ ದಿನಕ್ಕೆ ಎರಡು ಗಂಟೆ, ಅದರಲ್ಲೂ ಹೆಚ್ಚಿನ ಪಾಲು ಚೌಶೆಸ್ಕು ಗುಣಗಾನ. ಜನ ಬಾಗಿಲು ಮುಚ್ಚಿಕೊಂಡು, ಕದ್ದು ತಂದ ವಿಡಿಯೋ ಕ್ಯಾಸೆಟ್‌ಗಳಲ್ಲಿ ಹಾಲಿವುಡ್ ಚಿತ್ರ ನೋಡುತ್ತಿದ್ದರು. ಅಂಥ ಸಾವಿರಾರು ಕ್ಯಾಸೆಟ್‌ಗಳಿಗೆ ಇರಿನಾ ನಿಸ್ತೋರ್ ಎಂಬ ಒಬ್ಬರೇ ಹೆಂಗಸು ಧ್ವನಿ ಕೊಟ್ಟಿದ್ದರು. ನಾಯಕನಿಗೂ ಅವರದೇ ಧ್ವನಿ, ಖಳನಿಗೂ ಅವರದೇ. “ನಮ್ಮಲ್ಲಿ ಚಕ್ ನಾರಿಸ್ ಹೆಣ್ಣುಧ್ವನಿಯಲ್ಲೇ ಮಾತಾಡುತ್ತಿದ್ದ” ಎಂದು ನಮ್ಮ ಹಿರಿಯಾಕೆ ನಗುತ್ತಿದ್ದರು. ಆ ಕಾಲದಲ್ಲಿ ನೋಟಿಗಿಂತ ಕೆಂಟ್ ಸಿಗರೇಟಿಗೆ ಬೆಲೆ ಜಾಸ್ತಿ. ಡಾಕ್ಟರಿಗೆ ಕೈಬಿಸಿ ಮಾಡಬೇಕೆಂದರೂ ಕೆಂಟ್ ಪೊಟ್ಟಣವೇ. ಸೇದಲಿಕ್ಕಲ್ಲ ಅದು, ಇವರಿಂದ ಅವರಿಗೆ, ಅವರಿಂದ ಇನ್ನೊಬ್ಬರಿಗೆ ದಾಟುತ್ತ ಪೊಟ್ಟಣದ ಅಂಚು ಸವೆಯಬೇಕು.

ಇದೆಲ್ಲ 2001ರ ಬಳಿಕ ತೆರೆಗೆ ಬಂತು. ಆ ವರ್ಷ ಕ್ರಿಸ್ತಿ ಪುಯು ಕಡಿಮೆ ಖರ್ಚಿನಲ್ಲಿ ಒಂದು ರಸ್ತೆಪ್ರಯಾಣದ ಚಿತ್ರ ತೆಗೆದರು. ಲಂಚಕ್ಕೆಂದು ತಂದ ಕೆಂಟ್ ಸಿಗರೇಟು ಮತ್ತು ಕಾಫಿಪುಡಿಯ ಬಗ್ಗೆ ಅವರೇ ಮಾಡಿದ ಕಿರುಚಿತ್ರಕ್ಕೆ 2004ರಲ್ಲಿ ಬರ್ಲಿನ್ ಉತ್ಸವದ ಚಿನ್ನದ ಕರಡಿ ಬಂತು. ಮರುವರ್ಷದ ‘ಲಾಜರೆಸ್ಕು ಸಾವು’ ಇನ್ನೂ ಕಟು: ಕಾಯಿಲೆಯ ಮುದುಕನೊಬ್ಬನನ್ನು ಆಂಬುಲೆನ್ಸ್‌ನಲ್ಲಿ ರಾತ್ರಿಯಿಡೀ ಆಸ್ಪತ್ರೆಯಿಂದ ಆಸ್ಪತ್ರೆಗೆ ಸುತ್ತಿಸುತ್ತಾರೆ, ಒಂದಾದ ಮೇಲೊಂದು ಆಸ್ಪತ್ರೆಯವರು ಸೇರಿಸಿಕೊಳ್ಳದೆ ಸಾಗಹಾಕುತ್ತಾರೆ. ಎರಡೂವರೆ ಗಂಟೆಯ ಚಿತ್ರ. 2007ರಲ್ಲಿ ಕ್ರಿಸ್ತಿಯಾನ್ ಮುಂಜಿಯು ಅವರ ‘4 ತಿಂಗಳು, 3 ವಾರ, 2 ದಿನ’ ಕಾನ್‌ನ ಅತಿ ದೊಡ್ಡ ಬಹುಮಾನವನ್ನೇ ತಂದಿತು. 1966ರಲ್ಲಿ ಚೌಶೆಸ್ಕು ಗರ್ಭಪಾತ ನಿಷೇಧಿಸಿದ ಮೇಲೆ ಕದ್ದುಮುಚ್ಚಿ ಮಾಡಿಸಿಕೊಳ್ಳಲು ಹೋಗಿ ಸತ್ತ ಹೆಂಗಸರು ಒಂಬತ್ತು ಸಾವಿರಕ್ಕೂ ಹೆಚ್ಚು. ಚಿತ್ರದಲ್ಲಿರುವುದು ಒಂದೇ ದಿನ, ಇಬ್ಬರು ವಿದ್ಯಾರ್ಥಿನಿಯರು, ಒಂದು ಹೋಟೆಲ್ ಕೋಣೆ. ಅಲ್ಲೂ ಅವರಲ್ಲೊಬ್ಬಳು ಕೆಂಟ್ ಹುಡುಕಿಕೊಂಡು ಅಲೆಯುತ್ತಾಳೆ. ಕನ್ನಡದವರು ಯಾರೇ ಇದನ್ನು ನೋಡಲಿ, ‘ಘಟಶ್ರಾದ್ಧ’ದ ಯಮುನಕ್ಕನನ್ನು ನೆನೆಯದೆ ಇರಲಾರರು.

ಅಷ್ಟು ದೊಡ್ಡ ಬಹುಮಾನ ಬಂದರೂ ಊರಲ್ಲಿ ತೋರಿಸಲು ಥಿಯೇಟರುಗಳಿರಲಿಲ್ಲ. ಕ್ರಾಂತಿಯ ನಂತರ ನೂರಾರು ಥಿಯೇಟರುಗಳು ಮುಚ್ಚಿ, ಬಿಂಗೋ ಹಾಲೋ ಗೋದಾಮೋ ಆಗಿಹೋಗಿದ್ದವು. ಮುಂಜಿಯು ಪ್ರೊಜೆಕ್ಟರನ್ನು ವಾಹನಕ್ಕೇರಿಸಿ ಊರೂರು ತಿರುಗಿದರು, ನಮ್ಮ ಟೂರಿಂಗ್ ಟಾಕೀಸಿನವರಂತೆ. ಆ ಪ್ರವಾಸದ ಬಗ್ಗೆ ಒಂದು ಸಾಕ್ಷ್ಯಚಿತ್ರವೂ ಇದೆ. ಪ್ಯಾರಿಸ್, ನ್ಯೂಯಾರ್ಕಿನವರಿಗೆ ಸುಲಭವಾಗಿ ಸಿಕ್ಕ ಚಿತ್ರ ಸ್ವಂತ ಊರಿನವರಿಗೆ ಲಾರಿಯಲ್ಲಿ ಬರಬೇಕಾಯಿತು.

ಟ್ರೈಬೆಕಾದ ಉತ್ಸವ ಹುಟ್ಟಿದ್ದು ಈ ಭರಾಟೆಯ ನಡುವೆ. ಆಗ ನ್ಯೂಯಾರ್ಕಿನ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದವರು ಕೊರೀನಾ ಶುತೇವ್, ಚಿತ್ರಗಳನ್ನು ಆರಿಸುತ್ತಿದ್ದವರು ಕ್ಲುಜ್ ನಗರದ ಟ್ರಾನ್ಸಿಲ್ವೇನಿಯಾ ಚಿತ್ರೋತ್ಸವದ ಮಿಹಾಯ್ ಕಿರಿಲೋವ್. ಪರದೇಶದಲ್ಲಿ ನೆಲೆಸಿದವರ ಕಾರ್ಯಕ್ರಮ ಹೇಗಿರುತ್ತದೆ ಎಂದು ನನಗೆ ಹೇಳಿಕೊಡಬೇಕಾಗಿಲ್ಲ. ನಮ್ಮ ಕನ್ನಡ ಕೂಟದ ದೀಪಾವಳಿಯಲ್ಲೂ ಅದೇ: ವೇದಿಕೆಗೆ ಊರಿನಿಂದ ಬಂದ ಗಣ್ಯರು, ಹಿಂದಿನ ಸಾಲಿನಲ್ಲಿ ಫೋನು ಹಿಡಿದ ಮಕ್ಕಳು, ಕೊನೆಗೆ ಬಿಸಿಬೇಳೆಬಾತ್. ಪಕ್ಕದ ಮನೆಯ ಕೊರಿಯನ್ನರನ್ನು ಕರೆಯಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಶುತೇವ್ ಬಳಗ ಲೆಕ್ಕ ಹಾಕಿದ್ದು ಬೇರೆ ರೀತಿಯಲ್ಲಿ. ಅವರಿಗೆ ಬೇಕಾದದ್ದು ನ್ಯೂಯಾರ್ಕಿನ ಪ್ರೇಕ್ಷಕ, ಇಲ್ಲಿಯ ವಿಮರ್ಶಕ. ರೊಮೇನಿಯನ್ನರು ಬಂದರೆ ಸಂತೋಷ, ಆದರೆ ಸಬ್‌ಟೈಟಲ್ ಓದುವವರೇ ಮುಖ್ಯ.

ಹೊರಗಿನವರನ್ನು ಕರೆದು ತೋರಿಸುವುದರ ಬೆಲೆ ನನಗೆ ಗೊತ್ತಿತ್ತು, ಏಕೆಂದರೆ ನಾನು ಸಾಗರದ ಕಡೆಯವಳು. 1973ರಲ್ಲಿ ಕೆ.ವಿ. ಸುಬ್ಬಣ್ಣನವರು ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿ, ಅಡಿಕೆ ಸುಲಿಯುವವರಿಗೆ ಕುರೊಸಾವಾನನ್ನು ತೋರಿಸಿದರು. ‘ಹಳ್ಳಿಯವರಿಗೆ ಇದೆಲ್ಲ ಅರ್ಥವಾದೀತೇ’ ಎಂದವರು ಪಟ್ಟಣದವರು. ಹಳ್ಳಿಯವರು ಕೂತು ನೋಡಿದರು. ಪರರ ಕಥೆ ನೋಡಲು ಪರರ ಭಾಷೆ ಬರಬೇಕಿಲ್ಲ, ಯಾರಾದರೂ ಹತ್ತಿರ ಕರೆದು ಕೂರಿಸಬೇಕು ಅಷ್ಟೆ.

ಆ ಉತ್ಸವದಲ್ಲಿ ನಿರ್ದೇಶಕ ಪೊರುಂಬೋಯು ಅವರ ‘ಬುಖಾರೆಸ್ಟಿನ ಪೂರ್ವಕ್ಕೆ 12:08’ ಚಿತ್ರವನ್ನು ನೋಡುವಾಗ ಪಕ್ಕದಲ್ಲಿ ಹಿರಿಯಾಕೆ ಇದ್ದರು. ವಸ್ಲುಯ್ ಎಂಬ ಸಣ್ಣ ಊರು. 1989ರ ಡಿಸೆಂಬರ್ 22ರಂದು ಮಧ್ಯಾಹ್ನ 12 ಗಂಟೆ 8 ನಿಮಿಷಕ್ಕೆ ಚೌಶೆಸ್ಕು ಪಲಾಯನ ಮಾಡಿದ. ಅದಕ್ಕೆ ಮೊದಲೇ ನಮ್ಮೂರ ಚೌಕದಲ್ಲಿ ಜನ ಸೇರಿದ್ದರೋ, ಅವನು ಓಡಿದ ಸುದ್ದಿ ಟಿವಿಯಲ್ಲಿ ನೋಡಿದ ಮೇಲೆ ಸೇರಿದರೋ? ಮೊದಲೇ ಸೇರಿದ್ದರೆ ಕ್ರಾಂತಿ, ಆಮೇಲೆ ಸೇರಿದ್ದರೆ ಬರೀ ಜಾತ್ರೆ. ಹದಿನಾರು ವರ್ಷದ ಬಳಿಕ ಊರ ಟಿವಿ ಸ್ಟುಡಿಯೋದಲ್ಲಿ ಈ ಚರ್ಚೆ. ಒಬ್ಬ ಕುಡುಕ ಮೇಷ್ಟ್ರು, ‘ನಾನು ಮೊದಲೇ ಅಲ್ಲಿದ್ದೆ’ ಎನ್ನುತ್ತಾನೆ; ಫೋನು ಮಾಡಿದವರೆಲ್ಲ ಅವನು ಬಾರಿನಲ್ಲಿದ್ದ ಎನ್ನುತ್ತಾರೆ. ಇನ್ನೊಬ್ಬ ಮುದುಕ, ಕ್ರಿಸ್‌ಮಸ್ ಹೊತ್ತಿಗೆ ಸಾಂತಾಕ್ಲಾಸ್ ವೇಷ ಹಾಕುವವನು, ಇದ್ಯಾವುದೂ ತನಗೆ ಸಂಬಂಧವಿಲ್ಲದಂತೆ ಮೇಜಿನ ಮೇಲೆ ಕಾಗದದ ದೋಣಿ ಮಡಚುತ್ತಿರುತ್ತಾನೆ. ಕ್ಯಾಮೆರಾ ಹಿಡಿದ ಹುಡುಗನ ಕೈ ಬೇರೆ ನಡುಗುತ್ತದೆ. ಸಬ್‌ಟೈಟಲ್ ಮೂಡುವ ಮೊದಲೇ ಹಿರಿಯಾಕೆ ನಕ್ಕುಬಿಡುತ್ತಿದ್ದರು, ಓದಿ ಮುಗಿಸಿ ನಗುವುದು ನಮ್ಮ ಪಾಳಿ. ಒಂದೇ ಮಾತಿಗೆ ಸಭಾಂಗಣದಲ್ಲಿ ಎರಡೆರಡು ಸಲ ನಗು.

ಅತ್ತ ಬುಖಾರೆಸ್ಟಿನಲ್ಲಿ ಕೆಲವರಿಗೆ ಇದು ಸರಿಬರಲಿಲ್ಲ. ಆಸ್ಪತ್ರೆಯ ಅವಸ್ಥೆ, ಲಂಚ, ಗರ್ಭಪಾತ ಎಲ್ಲವನ್ನೂ ಸರ್ಕಾರದ ಖರ್ಚಿನಲ್ಲೇ ಅಮೆರಿಕದಲ್ಲಿ ಬಿಚ್ಚಿಡಬೇಕೇ ಎಂಬ ಗೊಣಗಾಟ. 2008ರಲ್ಲಿ ಇನ್‌ಸ್ಟಿಟ್ಯೂಟಿನ ಬೀದಿಕಲೆ ಪ್ರದರ್ಶನದಲ್ಲಿದ್ದ ಒಂದು ಗುಲಾಬಿ ಆಟಿಕೆ ಕುದುರೆಯ ಪಿರ್ರೆಯ ಮೇಲೆ ಸ್ವಸ್ತಿಕ ಕಂಡಿತೆಂದು ರೊಮೇನಿಯಾದ ಪತ್ರಿಕೆ, ಟಿವಿ, ಸೆನೆಟ್ ಎಲ್ಲೆಡೆ ರಾದ್ಧಾಂತವಾಯಿತು. ನಾಜಿ ಗುರುತು ಅಲ್ಲಿ ಹುಡುಗಾಟವಲ್ಲ, ನಿಜ. ಆದರೆ ಕುದುರೆ ನೆಪ ಮಾತ್ರ. ಕೋಪ ಬೇರೆಯದಕ್ಕೆ ಎಂದೇ ನನ್ನ ಅಂದಾಜು.

ಉತ್ಸವ ಮಾತ್ರ ಏರುತ್ತಲೇ ಹೋಯಿತು. 2011ರಲ್ಲಿ ಲಿಂಕನ್ ಸೆಂಟರಿನ ವಾಲ್ಟರ್ ರೀಡ್ ಥಿಯೇಟರಿಗೆ ಬಂತು, ‘ಮೇಕಿಂಗ್ ವೇವ್ಸ್’ ಎಂಬ ಹೆಸರಿನಲ್ಲಿ. 268 ಸೀಟಿನ ಥಿಯೇಟರು, ಆದರೆ ನ್ಯೂಯಾರ್ಕಿನ ಸಿನಿಮಾಪ್ರಿಯರಿಗೆ ಗರ್ಭಗುಡಿ. ಮರುವರ್ಷವೇ ಪೆಟ್ಟು ಬಿತ್ತು. 2012ರ ಜೂನ್‌ನಲ್ಲಿ ಪ್ರಧಾನಿ ವಿಕ್ಟರ್ ಪೊಂತಾ ಸರ್ಕಾರ ತುರ್ತು ಸುಗ್ರೀವಾಜ್ಞೆ ಹೊರಡಿಸಿ, ಅಧ್ಯಕ್ಷರ ಅಧೀನದಲ್ಲಿದ್ದ ಇನ್‌ಸ್ಟಿಟ್ಯೂಟನ್ನು ಸೆನೆಟ್ಟಿನ ಕೈಗೆ ಕೊಟ್ಟಿತು. ಜೊತೆಗೆ, ಸಂಸ್ಥೆ ಇನ್ನು ಮೇಲೆ ಹೊರದೇಶದಲ್ಲಿರುವ ರೊಮೇನಿಯನ್ನರ ರಾಷ್ಟ್ರೀಯ ಅಸ್ಮಿತೆ ಕಾಪಾಡುವತ್ತ ಗಮನ ಕೊಡಬೇಕೆಂಬ ಒತ್ತಡ. ಸಂಸ್ಥೆಯ ಮುಖ್ಯಸ್ಥ, ಲೇಖಕ ಪತಾಪ್ಯೇವಿಚ್ ಆ ಬೇಸಿಗೆಯಲ್ಲೇ ರಾಜೀನಾಮೆ ಕೊಟ್ಟರು. ನ್ಯೂಯಾರ್ಕಿನಲ್ಲಿ ಶುತೇವ್ ಕೂಡ ಕುರ್ಚಿ ಬಿಟ್ಟರು.

ಸರ್ಕಾರದ ಗಂಟು ಹೋದ ಮೇಲೆ ಇಂಥದ್ದು ಸಾಮಾನ್ಯವಾಗಿ ನಿಂತುಹೋಗುತ್ತದೆ. ಇದು ನಿಲ್ಲಲಿಲ್ಲ. ಶುತೇವ್, ಕಿರಿಲೋವ್, ಜೊತೆಗಾರ್ತಿ ವಾನಾ ರಾದು ಸೇರಿ ‘ರೊಮೇನಿಯನ್ ಫಿಲ್ಮ್ ಇನಿಷಿಯೇಟಿವ್’ ಕಟ್ಟಿ, ಕಿಕ್‌ಸ್ಟಾರ್ಟರ್‌ನಲ್ಲಿ ಜನರ ಮುಂದೆ ಕೈಯೊಡ್ಡಿದರು. ಕಲಾವಿದರು, ವಲಸಿಗರು, ಸಿನಿಮಾ ನೋಡಿ ರುಚಿ ಹತ್ತಿದ ನಮ್ಮಂಥವರು ಕೈಲಾದಷ್ಟು ಹಾಕಿದೆವು. ಲಿಂಕನ್ ಸೆಂಟರ್ ಜಾಗ ಕೊಡುವುದನ್ನು ನಿಲ್ಲಿಸಲಿಲ್ಲ. ‘ಪರರಿಗೆ ಯಾಕೆ ತೋರಿಸುತ್ತೀರಿ’ ಎಂದು ಯಾರು ಕೇಳಿದ್ದರೋ, ಅವರಿಗೆ ಉತ್ತರ ಕೊಟ್ಟದ್ದು ಆ ಪರರ ಜೇಬೇ. 2016ರ ಮೇ ತಿಂಗಳಲ್ಲಿ ಶುತೇವ್ ರೊಮೇನಿಯಾದ ಸಂಸ್ಕೃತಿ ಸಚಿವೆಯಾದರು. ಒಂದು ವರ್ಷವೂ ಉಳಿಯಲಿಲ್ಲ ಎನ್ನುವುದು ಬೇರೆ ಮಾತು.

ಅದೇ ವರ್ಷ ನಾನೂ ಹಿರಿಯಾಕೆಯೂ ರಾದು ಜೂದೆ ಅವರ ‘ಆಫೆರಿಮ್!’ ನೋಡಿದೆವು. 1835ರ ವಲೇಶಿಯಾ, ಕಪ್ಪುಬಿಳುಪು. ಓಡಿಹೋದ ರೋಮಾ ಗುಲಾಮನೊಬ್ಬನನ್ನು ಹಿಡಿದು ತರಲು ಒಬ್ಬ ಪೇದೆ ಮಗನೊಂದಿಗೆ ಕುದುರೆಯೇರಿ ಹೊರಡುತ್ತಾನೆ. ರೊಮೇನಿಯಾದ ನೆಲದಲ್ಲಿ ಮಠಗಳೂ ಜಮೀನ್ದಾರರೂ ರೋಮಾ ಜನರನ್ನು ಶತಮಾನಗಳ ಕಾಲ ಗುಲಾಮರಾಗಿ ಇಟ್ಟುಕೊಂಡಿದ್ದರು. ಅದು ಪೂರ್ತಿ ನಿಂತದ್ದು 1850ರ ದಶಕದಲ್ಲಿ. ಹೊರಗೆ ಬಂದು ಏಳನೇ ನಂಬರ್ ರೈಲಿಗೆ ಕಾಯುವಾಗ ಹಿರಿಯಾಕೆ ಹೇಳಿದರು: ನಾನು ಊರಲ್ಲಿ ಮಕ್ಕಳಿಗೆ ಪಾಠ ಹೇಳಿದವಳು, ಇದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ, ಓದಿಸಿಯೂ ಇರಲಿಲ್ಲ. ರೈಲು ಕ್ವೀನ್ಸ್‌ಬರೋ ಪ್ಲಾಜಾ ದಾಟುವವರೆಗೆ ಅದನ್ನೇ ಮಾತಾಡಿದರು. ಆಮೇಲೆ ಮಾತು ಬೇರೆ ಕಡೆ ಹೊರಳಿತು: ಕುದುರೆಗಳು ಚೆನ್ನಾಗಿದ್ದವು, ಆದರೆ ಆ ಪೇದೆಯ ಬಾಯಲ್ಲಿ ಅಷ್ಟೊಂದು ಬೈಗುಳ ಬೇಕಿರಲಿಲ್ಲ, ಸಬ್‌ಟೈಟಲ್‌ನವರು ಅರ್ಧಕ್ಕರ್ಧ ಬಿಟ್ಟಿದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ನೀನು ನನ್ನ ಪಕ್ಕ ಕೂರುತ್ತಿರಲಿಲ್ಲ.