ಹುಬ್ಬಳ್ಳಿಯಿಂದ ಕಾನೋವರೆಗೆ: ಪಿಡುಗಿನ ನಂತರದ ಲಸಿಕೆಯ ಚರಿತ್ರೆ

2021ರಲ್ಲಿ ಭಾರತದ ಕೋವಿಡ್ ಲಸಿಕೆ ಆಫ್ರಿಕಕ್ಕೆ ಹೊರಟಾಗ ರಾಜತಾಂತ್ರಿಕರ ಲೆಕ್ಕವೆಲ್ಲ ಡೋಸುಗಳದು. ಫೆಬ್ರವರಿ 24ರಂದು ಪುಣೆಯ ಸೀರಮ್ ಸಂಸ್ಥೆಯ 6 ಲಕ್ಷ ಡೋಸು ಘಾನಾ ತಲುಪಿತು. ಮೇ 19ರಂದು ಮಲಾವಿ ಅದೇ ಸಂಸ್ಥೆಯ 19,610 ಡೋಸುಗಳನ್ನು ಬಹಿರಂಗವಾಗಿ ಸುಟ್ಟಿತು. ಮಾರ್ಚ್ ಕೊನೆಗೆ ಬಂದ ಆ ಸರಕಿನ ಅವಧಿ ಏಪ್ರಿಲ್ 13ಕ್ಕೇ ಮುಗಿದಿತ್ತು. ಹಳೇ ಲಸಿಕೆ ಚುಚ್ಚುತ್ತಾರೆಂಬ ಗುಮಾನಿ ಹೋಗಲೆಂದೇ ಸರ್ಕಾರ ಬೆಂಕಿ ಹಾಕಿತು.

ಇಂಥ ಗುಮಾನಿ ಆಫ್ರಿಕದ ಸ್ವಭಾವವೆನ್ನುವವರು ನಮ್ಮ ಪ್ಲೇಗಿನ ಕಾಲವನ್ನೊಮ್ಮೆ ನೋಡಬೇಕು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಬಲದಿಂದ ಅಧಿಕಾರಿಗಳು ಮನೆಗೆ ನುಗ್ಗಿ ರೋಗಿಗಳನ್ನು ಹುಡುಕಿದರು, ಮನೆಯವರನ್ನು ಊರಾಚೆಯ ಕ್ಯಾಂಪಿಗೆ ಸಾಗಿಸಿದರು. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಗುಂಡಿಗೆ ಬಲಿಯಾದ. ಮರುವರ್ಷ ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ ಗಲಭೆಯೆದ್ದಿತು. ಅದೇ 1898ರಲ್ಲಿ ಹುಬ್ಬಳ್ಳಿಯ ಜನ ಮಾತ್ರ ಜೀವಾಣುತಜ್ಞ ಹಾಫ್‌ಕಿನ್ನನ ಪ್ಲೇಗ್ ಲಸಿಕೆಗೆ ಸಾವಿರಗಟ್ಟಲೆ ತೋಳು ಕೊಟ್ಟರು.

ಯಾಕೆ? ಹಾಫ್‌ಕಿನ್ 1897ರ ಜನವರಿ 10ರಂದು ಮುಂಬಯಿಯಲ್ಲಿ ಆ ಲಸಿಕೆಯನ್ನು ಮೊದಲು ತನಗೇ ಚುಚ್ಚಿಸಿಕೊಂಡಿದ್ದ. ಪ್ಲೇಗಿನ ಜೀವಾಣು ಬೆಳೆಸುವ ಸಾರಿಗೆ ದನದ ಮಾಂಸವನ್ನೂ ಹಂದಿಯ ಮಾಂಸವನ್ನೂ ಬಿಟ್ಟು ಆಡಿನ ಮಾಂಸ ಬಳಸಿದ, ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟ. ತುಪ್ಪದಿಂದ ಜೀವಾಣು ಬಿಳಲಿನಂತೆ ಕೆಳಕ್ಕಿಳಿದು ಬೆಳೆಯುತ್ತಿತ್ತು. ಆಮೇಲೆ ಬಿಸಿ ಮಾಡಿ ಕೊಲ್ಲುತ್ತಿದ್ದರು. ಆದರೆ ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಕಾರಣ ಬೇರೆ. ಚುಚ್ಚಿಸಿಕೊಂಡು ಸರ್ಟಿಫಿಕೇಟು ಪಡೆದವರಿಗೆ ಮುಂಬಯಿ ಸರ್ಕಾರ ಕ್ಯಾಂಪಿನಿಂದಲೂ ಪ್ರಯಾಣದ ತಡೆಯಿಂದಲೂ ವಿನಾಯಿತಿ ಕೊಟ್ಟಿತ್ತು. ಇದನ್ನು ಒಪ್ಪಿಗೆ ಎನ್ನಬೇಕೋ, ಕಿರುಕುಳದಿಂದ ಪಾರಾಗುವ ದಾರಿ ಎನ್ನಬೇಕೋ? ಹುಬ್ಬಳ್ಳಿಯ ಯಶಸ್ಸನ್ನು ಹೊಗಳುವ ವರದಿಗಳು ಈ ಪ್ರಶ್ನೆಯ ತಂಟೆಗೆ ಹೋಗುವುದಿಲ್ಲ. ಇಂಥ ಒಪ್ಪಿಗೆಗೆ ಬಾಳಿಕೆ ಕಮ್ಮಿ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲದಲ್ಲಿ ಒಂದೇ ಬಾಟಲಿಯ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು; ಆ ಪ್ರಾಂತದ ಅಭಿಯಾನ ನೆಲಕಚ್ಚಿತು. ಹಾಫ್‌ಕಿನ್ನನ ತಪ್ಪಿಲ್ಲವೆಂದು ಸರ್ಕಾರ ಒಪ್ಪುವಾಗ 1907.

ನೈಜೀರಿಯದ ಕಾನೋದಲ್ಲೂ ಕಥೆ ಶುರುವಾದದ್ದು ಪಿಡುಗಿನಿಂದಲೇ. 1996ರ ಮಿದುಳುಪೊರೆ ಜ್ವರದ ನಡುವೆ ಫೈಜರ್ ಕಂಪನಿ ಟ್ರೋವನ್ ಔಷಧದ ಪ್ರಯೋಗವನ್ನು 200 ಮಕ್ಕಳ ಮೇಲೆ ನಡೆಸಿತು. 11 ಮಕ್ಕಳು ಸತ್ತರು. ರೋಗದಿಂದ ಸತ್ತರೆಂದಿತು ಕಂಪನಿ. ಪೋಷಕರ ಒಪ್ಪಿಗೆಯೇ ಸರಿಯಾಗಿ ಪಡೆದಿರಲಿಲ್ಲವೆಂಬ ಆರೋಪ ಕೋರ್ಟು ಹತ್ತಿತು. 2003ರಲ್ಲಿ ಪೋಲಿಯೊ ಹನಿಯಲ್ಲಿ ಬಂಜೆತನದ ಮದ್ದಿದೆ ಎಂಬ ಮಾತು ಹಬ್ಬಿದಾಗ ಊರಿನವರಿಗೆ ಟ್ರೋವನ್ ಮರೆತಿರಲಿಲ್ಲ. ಕಾನೋ ರಾಜ್ಯ ಲಸಿಕೆ ನಿಲ್ಲಿಸಿತು, ವೈರಸ್ಸು ಗಡಿದಾಟಿ ದೇಶದೇಶಕ್ಕೆ ಹಬ್ಬಿತು. ಮೌಲ್ವಿಗಳೂ ಸಾಂಪ್ರದಾಯಿಕ ಮುಖಂಡರೂ ಮಾತುಕತೆಗೆ ಕೂತು, ಮುಸ್ಲಿಂ ಬಹುಸಂಖ್ಯಾತ ಇಂಡೊನೇಷ್ಯಾದಲ್ಲಿ ತಯಾರಾದ ಲಸಿಕೆಯನ್ನು ಒಪ್ಪಿಕೊಂಡ ಮೇಲೆ 2004ರಲ್ಲಿ ಹನಿ ಮತ್ತೆ ಶುರುವಾಯಿತು. ಆಫ್ರಿಕ ಕಾಡು ಪೋಲಿಯೊದಿಂದ ಮುಕ್ತವೆಂಬ ಘೋಷಣೆ ಬಂದದ್ದು 2020ರ ಆಗಸ್ಟ್ 25ರಂದು. ಟ್ರೋವನ್ ಪ್ರಕರಣದ ಪರಿಹಾರವಾದರೋ ಮೊದಲ ನಾಲ್ಕು ಕುಟುಂಬಗಳ ಕೈಸೇರಿದ್ದು 2011ರಲ್ಲಿ.